ಅಳೆದವನು, ಅಳೆಸಿದವರು: ವಿಲಿಯಂ ಲ್ಯಾಂಬ್ಟನ್ ಮತ್ತು ಆ ಮೂರೂಮುಕ್ಕಾಲು ಇಂಚು

ಇಂಜಿನಿಯರಿಂಗ್ ಓದುವಾಗ ನಮಗೊಂದು ಸರ್ವೆ ಲ್ಯಾಬ್ ಇತ್ತು. ಬೆಳಿಗ್ಗೆ ಚೈನು, ಕೆಂಪು-ಬಿಳಿ ಪಟ್ಟಿಯ ಕೋಲು, ಟ್ರೈಪಾಡ್ ಹೊತ್ತುಕೊಂಡು ಕಾಲೇಜಿನ ಮೈದಾನ ಸುತ್ತಬೇಕು. ಹೊರಟ ಬಿಂದುವಿಗೇ ವಾಪಸ್ ಬಂದು ಲೆಕ್ಕ ಹಾಕಿದರೆ ಕಾಗದದ ಮೇಲಿನ ಆಕೃತಿ ಮುಚ್ಚಿಕೊಳ್ಳಬೇಕು. ಯಾವತ್ತೂ ಮುಚ್ಚಿಕೊಳ್ಳುತ್ತಿರಲಿಲ್ಲ. ಎಲ್ಲೋ ಅರ್ಧ ಅಡಿ, ಎಲ್ಲೋ ಒಂದಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು. ಬಿಸಿಲಲ್ಲಿ ಮತ್ತೆ ಹೋಗೋರು ಯಾರು? ರೆಕಾರ್ಡ್ ಬುಕ್ಕಿನಲ್ಲಿ ಎರಡು ಕೋನ ತಿದ್ದಿ, ಒಂದು ಉದ್ದ ಸರಿಪಡಿಸಿ, ತಪ್ಪು ಸೊನ್ನೆ ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ವಿ. ನಾನೂ ಹಾಕಿಸಿಕೊಂಡವನೇ.

ಅದಾಗಿ ಎಷ್ಟೋ ವರ್ಷಕ್ಕೆ, ಪತ್ರಕರ್ತನಾದ ಮೇಲೆ, ವಿಲಿಯಂ ಲ್ಯಾಂಬ್ಟನ್ ಬಗ್ಗೆ ಓದಿದೆ. ನಮ್ಮ ಬೆಂಗಳೂರಿನ ನೆಲದ ಮೇಲೇ ಅಳೆದು, ಲೆಕ್ಕಕ್ಕೂ ಅಳತೆಗೂ ಮೂರೂಮುಕ್ಕಾಲು ಇಂಚು ವ್ಯತ್ಯಾಸ ಬಂದಾಗ ಅದನ್ನು ಹಾಗೇ ದಾಖಲಿಸಿದ ಮನುಷ್ಯ. ನಾಚಿಕೆಯಾಯಿತು. ಆದರೆ ಅವನ ಕಥೆ ಬರೀ ನಾಚಿಕೆಪಟ್ಟು ಮೆಚ್ಚಿ ಮುಗಿಸುವಂಥದ್ದಲ್ಲ. ಯಾಕಂದರೆ ಅವನು ಇಲ್ಲಿಗೆ ಬಂದಿದ್ದು ಟಿಪ್ಪುವನ್ನು ಸೋಲಿಸಲು ಬಂದ ಸೈನ್ಯದ ಜೊತೆ.

ಸಪ್ತರ್ಷಿ ಎದುರಿಗಿತ್ತು

ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಉತ್ತರ ಭಾಗದ ಒಂದು ಹಳ್ಳಿಯಲ್ಲಿ. ದೊಡ್ಡ ಮನೆತನವೇನಲ್ಲ. ಗಣಿತ ಚೆನ್ನಾಗಿ ಬರುತ್ತಿತ್ತು, ದುಡ್ಡಿರಲಿಲ್ಲ. ಅಂಥ ಹುಡುಗರಿಗೆ ಆಗ ಇದ್ದ ದಾರಿ ಸೈನ್ಯ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋದ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಶರಣಾದಾಗ ಅವನೂ ಸೆರೆಯಾದ. ಆಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹತ್ತಾರು ವರ್ಷ ಸೈನ್ಯದ ಬ್ಯಾರಕ್ಕುಗಳ ಉಸ್ತುವಾರಿ, ಸರ್ವೆ ಕೆಲಸ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡ. ಸುತ್ತ ಕಾಡು, ಹಿಮ. ಮಾತಾಡಲು ಯಾರೂ ಇಲ್ಲದ ಕಡೆ ಗಣಿತ, ಖಗೋಳದ ಪುಸ್ತಕ ಓದುತ್ತಾ ಕೂತ. ಬಡ್ತಿ ಇಲ್ಲ, ಹೆಸರಿಲ್ಲ. ಭಾರತಕ್ಕೆ ಬರುವ ಹೊತ್ತಿಗೆ ನಲವತ್ತು ದಾಟಿತ್ತು. ಮುಂದೆ ವೆಲಿಂಗ್ಟನ್ ಡ್ಯೂಕ್ ಆಗುವ ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟಿನಲ್ಲಿ ಅವನೊಬ್ಬ ಮಾತು ಕಡಿಮೆಯ, ಸಂಕೋಚದ ಅಧಿಕಾರಿ.

1799ರ ಏಪ್ರಿಲ್. ಶ್ರೀರಂಗಪಟ್ಟಣದ ಹೊರಗೆ ಸೈನ್ಯ ಬೀಡುಬಿಟ್ಟಿದೆ. ಒಂದು ರಾತ್ರಿ ಜನರಲ್ ಬೇರ್ಡ್‌ನ ಪಡೆ ಸುಲ್ತಾನ್‌ಪೇಟೆ ತೋಪಿನ ಕಡೆ ಹೋಗಿ ಹುಡುಕಾಡಿ ತನ್ನ ಬಿಡಾರಕ್ಕೆ ವಾಪಸ್ ಹೊರಟಿತ್ತು. ಕತ್ತಲು. ದಕ್ಷಿಣಕ್ಕೆ ಹೋಗಬೇಕಿದ್ದ ಸಾಲು ನಡೆಯುತ್ತಲೇ ಇತ್ತು. ಲ್ಯಾಂಬ್ಟನ್ ಆಕಾಶ ನೋಡಿದ. ಬೆನ್ನಿಗಿರಬೇಕಿದ್ದ ಸಪ್ತರ್ಷಿ ಮಂಡಲ ಎದುರಿಗಿತ್ತು. ಅಂದರೆ ಇಡೀ ಪಡೆ ಉತ್ತರಕ್ಕೆ, ನೇರ ಟಿಪ್ಪುವಿನ ಸೈನ್ಯದ ಬಾಯಿಗೆ ಹೊರಟಿತ್ತು. ಜನರಲ್‌ಗೆ ಹೇಳಿದರೆ ಅವನು ಮೊದಲು ನಂಬಲಿಲ್ಲ. ನಕ್ಷತ್ರ ನೋಡಿ ದಾರಿ ಹೇಳಿಸಿಕೊಳ್ಳುವ ದರ್ದು ತನಗಿಲ್ಲ ಅನ್ನೋ ಧಾಟಿ. ಕೊನೆಗೆ ದಿಕ್ಸೂಚಿ ನೋಡಿದ ಮೇಲೆ ನಕ್ಷತ್ರವೇ ಸರಿ ಅಂತ ಗೊತ್ತಾಯಿತು.

ಹೈಸ್ಕೂಲಿನ ಭೌತಶಾಸ್ತ್ರದ ಮೊದಲ ಪಾಠವೇ ಇದು. ಎಷ್ಟು ದೂರ ನಡೆದೆ, ಎಷ್ಟು ವೇಗವಾಗಿ ನಡೆದೆ ಅನ್ನೋದು ಅರ್ಧ ಮಾತು. ಯಾವ ದಿಕ್ಕಿಗೆ, ಯಾವ ಬಿಂದುವಿನಿಂದ ಅನ್ನೋದು ಸೇರಿದರೆ ಮಾತ್ರ ನೀವೀಗ ಎಲ್ಲಿದ್ದೀರಿ ಅಂತ ಹೇಳಲು ಆಗೋದು. ಆ ರಾತ್ರಿ ಸಾವಿರಾರು ಜನ ಶಿಸ್ತಾಗಿ, ಒಳ್ಳೆ ವೇಗದಲ್ಲಿ, ತಪ್ಪು ಕಡೆಗೆ ನಡೆಯುತ್ತಿದ್ದರು. ಅವರ ಒಳಗೆ ನೋಡಿದರೆ ಏನೂ ತಪ್ಪಿರಲಿಲ್ಲ. ತಪ್ಪು ಕಂಡಿದ್ದು ಅವರಾರೂ ಅಲುಗಾಡಿಸಲಾಗದ, ಹೊರಗಿನ ಒಂದು ಗುರುತಿನ ಜೊತೆ ಹೋಲಿಸಿ ನೋಡಿದಾಗ.

ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಲ್ಯಾಂಬ್ಟನ್‌ನ ಸಪ್ತರ್ಷಿ ಆ ಗೆಲುವಿಗೆ ಎಷ್ಟು ಸಹಾಯ ಮಾಡಿತೋ, ಆದರೆ ಒಂದು ಪಡೆಯನ್ನಂತೂ ಉಳಿಸಿತು. ಕನ್ನಡದ ಓದುಗನಾಗಿ ನನಗೆ ತೊಡಕು ಶುರುವಾಗೋದೇ ಇಲ್ಲಿ. ನಕ್ಷತ್ರ ಯಾರ ಪರವೂ ಅಲ್ಲ. ಅದನ್ನು ಓದಿದವನು ಮಾತ್ರ ಒಂದು ಪಕ್ಷದಲ್ಲಿದ್ದ.

ಮೂವರು ಬಂದರು

ಟಿಪ್ಪು ಸತ್ತ ಮೇಲೆ ಮೈಸೂರನ್ನು ಹಂಚಿಕೊಂಡರು. ಹಂಚಿಕೊಂಡ ಮೇಲೆ ಎಷ್ಟಿದೆ, ಏನಿದೆ ಅಂತ ನೋಡಬೇಕಲ್ಲ. ಹಾಗಾಗಿ ಆ ಒಂದೆರಡು ವರ್ಷದಲ್ಲೇ ಮೂವರು ಈ ನೆಲದ ಮೇಲೆ ಓಡಾಡಿದರು. ಫ್ರಾನ್ಸಿಸ್ ಬುಕಾನನ್ ಬೆಳೆ, ಮಣ್ಣು, ಜಾತಿ, ಕಸುಬು ಬರೆದುಕೊಂಡ. ಕಾಲಿನ್ ಮೆಕೆಂಜಿ ಗಡಿ, ಹಳ್ಳಿ, ಕೆರೆ, ಶಾಸನ ಗುರುತು ಹಾಕಿದ. ಲ್ಯಾಂಬ್ಟನ್ ಕೇಳಿದ್ದು ಬೇರೆ. ಪೂರ್ವ ಕಡಲಿಂದ ಪಶ್ಚಿಮ ಕಡಲವರೆಗೆ ತ್ರಿಕೋನಗಳ ಸರಪಳಿ ಹಾಕಲು ಅನುಮತಿ ಕೊಡಿ, ನಿಮ್ಮ ನಕ್ಷೆಯೂ ಸರಿಯಾಗುತ್ತೆ, ಭೂಮಿಯ ಆಕಾರವೂ ಗೊತ್ತಾಗುತ್ತೆ ಅಂದ.

ಮೊದಲನೆಯದು ಕಂಪನಿಗೆ ಬೇಕಿತ್ತು. ಎರಡನೆಯದು ಲ್ಯಾಂಬ್ಟನ್‌ಗೆ ಬೇಕಿತ್ತು. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳ ಹತ್ತಿರ ಚಪ್ಪಟೆ ಅಂತ ಗೊತ್ತಿತ್ತು. ಎಷ್ಟು ಚಪ್ಪಟೆ ಅನ್ನಲು ಬೇರೆ ಬೇರೆ ಅಕ್ಷಾಂಶಗಳಲ್ಲಿ ಒಂದು ಡಿಗ್ರಿ ಎಷ್ಟು ಉದ್ದ ಅಂತ ಅಳೆದು ಹೋಲಿಸಬೇಕು. ಫ್ರಾನ್ಸಿನವರು ಅದೇ ದಶಕದಲ್ಲಿ ಮೀಟರ್ ಅನ್ನೋ ಹೊಸ ಅಳತೆಗಾಗಿ ತಮ್ಮ ದೇಶ ಅಳೆದಿದ್ದರು. ಸಮಭಾಜಕದ ಹತ್ತಿರದ ಒಳ್ಳೆಯ ಅಳತೆಗಳು ಕಡಿಮೆ ಇದ್ದವು. ಈ ಕೊರತೆ ತುಂಬಲು ದಕ್ಷಿಣ ಭಾರತ ಹೇಳಿ ಮಾಡಿಸಿದ ಜಾಗ.

ಮದ್ರಾಸಿನ ಸರ್ಕಾರದಲ್ಲಿ ಎಲ್ಲರಿಗೂ ಇದು ಅರ್ಥವಾಗಲಿಲ್ಲ. ಶ್ರೀರಂಗಪಟ್ಟಣ ಎಲ್ಲಿದೆ ಅಂತ ಪಲ್ಲಕ್ಕಿ ಹೊರುವವನಿಗೇ ಗೊತ್ತಿರುವಾಗ ಇಷ್ಟೊಂದು ಖರ್ಚು ಯಾಕೆ ಅನ್ನುವ ಅರ್ಥದ ತಕರಾರು ಬಂತು. ಓದಿದಾಗ ನಗು ಬಂತು. ಆಮೇಲೆ ಯೋಚಿಸಿದರೆ ಅದರಲ್ಲೊಂದು ನಿಜವಿದೆ. ಪಲ್ಲಕ್ಕಿಯವನಿಗೆ ದಾರಿ ಗೊತ್ತಿತ್ತು. ಅವನ ಜ್ಞಾನ ಅವನ ಕಾಲಲ್ಲಿತ್ತು. ದೂರದ ಕಚೇರಿಯಲ್ಲಿ ಕೂತವನಿಗೆ ಅದನ್ನು ಕಳಿಸಲು ಆಗುತ್ತಿರಲಿಲ್ಲ. ನಕ್ಷೆ ಬೇಕಾಗೋದು ಇಲ್ಲಿ ನಡೆಯುವವರಿಗಲ್ಲ, ಇಲ್ಲಿಗೆ ಬಾರದೆ ಆಳಬೇಕಾದವರಿಗೆ. ವೆಲ್ಲೆಸ್ಲಿ ಬೆಂಬಲಿಸಿದ, ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಒಪ್ಪಿದ. ಕೆಲಸ ಶುರುವಾಯಿತು.

ಒಂದು ಗೆರೆ, ಉಳಿದದ್ದೆಲ್ಲ ಕೋನ

ತ್ರಿಕೋನದ ಒಂದು ಬದಿ ಮತ್ತು ಅದರ ಎರಡು ತುದಿಯ ಕೋನ ಗೊತ್ತಿದ್ದರೆ ಉಳಿದೆರಡು ಬದಿಗಳನ್ನು ಲೆಕ್ಕ ಹಾಕಬಹುದು. ಹಾಗೆ ಸಿಕ್ಕ ಬದಿಯ ಮೇಲೆ ಇನ್ನೊಂದು ತ್ರಿಕೋನ. ಅದರ ಮೇಲೆ ಮತ್ತೊಂದು. ಕಾಡು, ನದಿ, ಕಣಿವೆ ದಾಟಲು ಚೈನು ಎಳೆಯಬೇಕಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಕಣ್ಣು ಹಾಯಿಸಿದರೆ ಸಾಕು. ಆದರೆ ಮೊದಲ ಗೆರೆಯನ್ನು ಮಾತ್ರ ನೆಲದ ಮೇಲೇ ಅಳೆಯಬೇಕು. ಅದಕ್ಕೆ ಬೇಸ್‌ಲೈನ್ ಅಂತಾರೆ. ಅದರಲ್ಲಿ ತಪ್ಪಿದರೆ ನೂರಾರು ಮೈಲಿ ದೂರದವರೆಗೂ ಆ ತಪ್ಪು ಹೋಗುತ್ತದೆ.

1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಪೂರ್ವಕ್ಕೆ, ಇವತ್ತಿನ ಕೃಷ್ಣರಾಜಪುರದ ಆಸುಪಾಸಿನಲ್ಲಿ, ಲ್ಯಾಂಬ್ಟನ್ ಏಳು ಮೈಲಿಗೂ ಮಿಕ್ಕಿದ ಒಂದು ಗೆರೆ ಅಳೆದ. ಐಟಿ ಕಂಪನಿಗೆ ಹೋಗುವ ಬಸ್ಸಿನಲ್ಲಿ ನೀವು ಗಂಟೆಗಟ್ಟಲೆ ನಿಲ್ಲುವ ಏರಿಯಾ ಇದು. ಆಗ ಬಯಲು. ಈಗಿನ ಕಾಕ್ಸ್‌ಟೌನ್ ಪಕ್ಕದ ದೊಡ್ಡಗುಂಟೆಯಲ್ಲಿ ನಕ್ಷತ್ರ ನೋಡಿ ಅಕ್ಷಾಂಶ ಕಂಡುಹಿಡಿದ.

ಅವನ ಉಕ್ಕಿನ ಚೈನಿಗೂ ಒಂದು ಕಥೆಯಿದೆ. ನೂರಡಿ ಉದ್ದ, ಎರಡೂವರೆ ಅಡಿಯ ನಲವತ್ತು ಕೊಂಡಿ. ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಜೊತೆ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತಕ್ಕೆ ಬಂದು ಬಿದ್ದಿತ್ತು. ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. ಇಂಗ್ಲೆಂಡಿನಿಂದ ಬರುವಾಗ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ವಿಜ್ಞಾನದ ಉಪಕರಣ ಅಂತ ಗೊತ್ತಾದ ಮೇಲೆ ಗೌರವದಿಂದ ವಾಪಸ್ ಕಳಿಸಿದರು.

ಅದು ಬಂದ ಮೇಲೆ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಏಳೂವರೆ ಮೈಲಿಯ ಹೊಸ ಬೇಸ್‌ಲೈನ್. ನೂರಡಿ ಚೈನನ್ನು ಮರದ ಪೆಟ್ಟಿಗೆಗಳಲ್ಲಿ ಮಟ್ಟಸವಾಗಿ ಮಲಗಿಸಿ, ಥರ್ಮಾಮೀಟರ್ ಇಟ್ಟು, ಶಾಖ ಬರೆದುಕೊಂಡು, ಎತ್ತಿ ಮುಂದಿಡುವುದು. ಸುಮಾರು ನಾನೂರು ಸಲ. 57 ದಿನ. ಏಪ್ರಿಲ್-ಮೇ ತಿಂಗಳ ಮದ್ರಾಸ್ ಬಿಸಿಲು.

ಥರ್ಮಾಮೀಟರ್ ಯಾಕೆ? ಉಕ್ಕು ಬಿಸಿಯಾದರೆ ಹಿಗ್ಗುತ್ತೆ. ಕೂತು ಲೆಕ್ಕ ಹಾಕಿದೆ: ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ, ಏಳೂವರೆ ಮೈಲಿಯಲ್ಲಿ ನಾಲ್ಕೂವರೆ ಅಡಿ ತಪ್ಪು. ಅಂದರೆ ಅಳತೆಗೋಲೇ ಅಳತೆಯ ನಡುವೆ ಉದ್ದ ಬದಲಾಯಿಸುತ್ತಿದೆ. ಇಲ್ಲಿಗೂ ಮುಗಿಯಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿನ ಏಳು ಚಿಲ್ಲರೆ ಮೈಲಿಯ ಗೆರೆ ಸಮುದ್ರಮಟ್ಟಕ್ಕೆ ಇಳಿಸಿದರೆ ಐದೂವರೆ ಅಡಿ ಗಿಡ್ಡವಾಗುತ್ತೆ, ಯಾಕಂದರೆ ಭೂಮಿಯ ಕೇಂದ್ರದಿಂದ ಮೇಲೇರಿದಷ್ಟೂ ಅದೇ ಕೋನಕ್ಕೆ ಉದ್ದ ಜಾಸ್ತಿ. ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿ ಅಂತ ನಾವು ಬಾಯಿಪಾಠ ಮಾಡಿದ್ದೂ ಇಲ್ಲಿ ಪೂರ್ತಿ ನಿಜವಲ್ಲ. ಬಾಗಿದ ಭೂಮಿಯ ಮೇಲೆ ಪ್ರತಿ 76 ಚದರ ಮೈಲಿಗೆ ಸುಮಾರು ಒಂದು ಸೆಕೆಂಡಿನಷ್ಟು, ಅಂದರೆ ಡಿಗ್ರಿಯ 3,600ನೇ ಒಂದು ಭಾಗದಷ್ಟು, ಮೊತ್ತ ಹೆಚ್ಚುತ್ತೆ. ಲ್ಯಾಂಬ್ಟನ್ ಇದನ್ನೆಲ್ಲ ಲೆಕ್ಕಕ್ಕೆ ತಂದ.

ಮದ್ರಾಸಿನಿಂದ ಪಶ್ಚಿಮಕ್ಕೆ ತ್ರಿಕೋನಗಳು ಹೊರಟವು. ಬೆಂಗಳೂರು ತಲುಪಿದಾಗ ಪರೀಕ್ಷೆಯ ಸಮಯ. 1804ರಲ್ಲಿ ಇಲ್ಲಿ ಮತ್ತೊಂದು ಗೆರೆಯನ್ನು ಚೈನಿನಿಂದ ಅಳೆಸಿದ. ನೂರೈವತ್ತಕ್ಕೂ ಹೆಚ್ಚು ಮೈಲಿ ದೂರದಿಂದ ಬರೀ ಕೋನಗಳ ಮೇಲೆ ಹೊತ್ತು ತಂದ ಲೆಕ್ಕ ಆ ಗೆರೆಯ ಉದ್ದ ಇಷ್ಟಿರಬೇಕು ಅನ್ನುತ್ತಿತ್ತು. ಚೈನು ಇಷ್ಟು ಅಂದಿತು. ನಡುವಿನ ವ್ಯತ್ಯಾಸ 3.7 ಇಂಚು. ಏಳು ಮೈಲಿಯಲ್ಲಿ ಒಂದು ಅಂಗೈ ಅಗಲ; ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ.

ಅದನ್ನು ಸೊನ್ನೆ ಮಾಡುವುದು ಅವನಿಗೆ ಎಷ್ಟು ಸುಲಭವಿತ್ತು! ಇಡೀ ದೇಶದಲ್ಲಿ ಅವನ ಲೆಕ್ಕ ಮರುಪರೀಕ್ಷಿಸಬಲ್ಲವರು ಬೆರಳೆಣಿಕೆಯ ಜನ. ನಾವು ಸರ್ವೆ ಲ್ಯಾಬಿನಲ್ಲಿ ಒಂದು ಸಹಿಗೋಸ್ಕರ ಮಾಡಿದ್ದನ್ನು ಅವನು ಸರ್ಕಾರಿ ಅನುದಾನಕ್ಕೋಸ್ಕರ ಮಾಡಬಹುದಿತ್ತು. ಮಾಡಲಿಲ್ಲ. ಎಷ್ಟು ತಪ್ಪಿದೆ ಅಂತ ಹೇಳೋದೇ ತನ್ನ ಅಳತೆಯನ್ನು ನಂಬಲು ಇರುವ ಕಾರಣ ಅಂತ ಅವನಿಗೆ ಗೊತ್ತಿತ್ತು.

ಸಾವನದುರ್ಗ, ಕೊಡಗಿನ ತಡಿಯಂಡಮೋಳ್ ಮೇಲೆಲ್ಲ ಉಪಕರಣ ಹತ್ತಿಸಿ ಸರಪಳಿ ಪಶ್ಚಿಮ ಕಡಲು ಮುಟ್ಟಿತು. ಆಗಿನ ನಕ್ಷೆಗಳಲ್ಲಿ ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಇತ್ತು. ಲ್ಯಾಂಬ್ಟನ್ ಲೆಕ್ಕದಲ್ಲಿ 360. ನಲವತ್ತು ಮೈಲಿ ಅಗಲದ ಇಲ್ಲದ ಭೂಮಿಯೊಂದು ಕಂಪನಿಯ ಕಾಗದದ ಮೇಲಿತ್ತು!

ತಂಜಾವೂರಿನ ಹಗ್ಗ

ಆಮೇಲೆ ಕನ್ಯಾಕುಮಾರಿಯಿಂದ ಉತ್ತರಕ್ಕೆ, 78ನೇ ರೇಖಾಂಶದ ಆಸುಪಾಸಿನಲ್ಲಿ, ದೊಡ್ಡ ಕಮಾನಿನ ಕೆಲಸ. ತಮಿಳುನಾಡಿನ ಬಯಲಲ್ಲಿ ಬೆಟ್ಟಗಳಿಲ್ಲ. ದೇವಸ್ಥಾನದ ಗೋಪುರಗಳನ್ನೇ ಹತ್ತಬೇಕು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಮೇಲೆ ಥಿಯೋಡೊಲೈಟ್ ಎಳೆಯುವಾಗ ಹಗ್ಗ ಜಾರಿ, ಯಂತ್ರ ಗೋಡೆಗೆ ಬಡಿದು ನಜ್ಜುಗುಜ್ಜಾಯಿತು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ಲ್ಯಾಂಬ್ಟನ್ ಸೊಟ್ಟಗಾದ ಆ ಮೂರಡಿ ಅಗಲದ ಲೋಹದ ಚಕ್ರವನ್ನು ಕೂದಲೆಳೆಯಷ್ಟಷ್ಟೇ ಎಳೆದು, ಬಡಿದು, ಆರು ವಾರದಲ್ಲಿ ಮತ್ತೆ ಗುಂಡಗೆ ಮಾಡಿದ.

1811ರಲ್ಲಿ ಗುತ್ತಿ, 1815ರಲ್ಲಿ ಬೀದರ್ ಹತ್ತಿರ ಹೊಸ ಬೇಸ್‌ಲೈನುಗಳು. ಪ್ರತಿ ಕಡೆ ಅದೇ ಪದ್ಧತಿ: ಲೆಕ್ಕ ಹೇಳಿದ್ದೇನು, ನೆಲ ಹೇಳಿದ್ದೇನು, ವ್ಯತ್ಯಾಸ ಎಷ್ಟು. ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಗುರುತಿಸಿತು. ಲಂಡನ್ನಿನ ರಾಯಲ್ ಸೊಸೈಟಿ 1817ರಲ್ಲಿ ಫೆಲೋ ಮಾಡಿಕೊಂಡಿತು. 1818ರಲ್ಲಿ ಈ ಕೆಲಸಕ್ಕೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಆಫ್ ಇಂಡಿಯಾ ಅನ್ನೋ ಹೆಸರು ಬಂತು, ಜಾರ್ಜ್ ಎವರೆಸ್ಟ್ ಅನ್ನೋ ಯುವಕ ಸಹಾಯಕನಾಗಿ ಬಂದ. 1823ರ ಜನವರಿ 20ರಂದು, ನಾಗ್ಪುರಕ್ಕೆ ಹೋಗುವ ದಾರಿಯಲ್ಲಿ, ಇವತ್ತಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ಲ್ಯಾಂಬ್ಟನ್ ತೀರಿಕೊಂಡ. ಅಲ್ಲೇ ಸಮಾಧಿ. ಅಷ್ಟರಲ್ಲಿ ಅವನ ಸರ್ವೆ 1,65,000 ಚದರ ಮೈಲಿ ದಾಟಿತ್ತು. ಎವರೆಸ್ಟ್ ಹೆಸರಿಗೆ ಬೆಟ್ಟ ಬಂತು. ಅಡಿಪಾಯ ಹಾಕಿದವನ ಹೆಸರು ಸರ್ವೆ ಇಲಾಖೆಯವರಿಗೂ ಇತಿಹಾಸದ ಹುಚ್ಚಿರುವ ಕೆಲವರಿಗೂ ಗೊತ್ತು.

ಮೂಲಬಿಂದು ಯಾರದು?

ಈಗ ನನ್ನ ತೊಡಕಿಗೆ ಬರ್ತೀನಿ. ಲ್ಯಾಂಬ್ಟನ್ ಯಾರ ಹೊಲವನ್ನೂ ಅಳೆಯಲಿಲ್ಲ, ಯಾರಿಗೂ ಕಂದಾಯ ಹಾಕಲಿಲ್ಲ. ಅವನಿಗೆ ಬೇಕಿದ್ದುದು ಭೂಮಿಯ ಆಕಾರ. ಆದರೆ ಅವನು ಕಟ್ಟಿದ ಅಸ್ಥಿಪಂಜರದ ಮೇಲೇ ಸಾಮ್ರಾಜ್ಯದ ಮಾಂಸ ಬೆಳೆದದ್ದು. ಗಡಿ, ರಸ್ತೆ, ಕಾಲುವೆ, ಆಮೇಲೆ ರೈಲು: ಎಲ್ಲಕ್ಕೂ ಈ ಬಿಂದುಗಳು ಬೇಕಾದವು. ಬೆಂಗಳೂರಿನ 1804ರ ಗೆರೆ ಅಳೆದ ಅವನ ಸಹಾಯಕ ಜಾನ್ ವಾರೆನ್, ಅದಕ್ಕೆ ಎರಡು ವರ್ಷ ಮೊದಲು ಮೈಸೂರಿನ ಪೂರ್ವ ಗಡಿ ಗುರುತಿಸಲು ಹೋಗಿ, ಈಗಿನ ಕೆಜಿಎಫ್ ಸುತ್ತಮುತ್ತ ಜನ ಮಣ್ಣಲ್ಲಿ ಚಿನ್ನ ತೊಳೆಯುವುದನ್ನು ನೋಡಿ ವರದಿ ಕಳಿಸಿದ. ಆ ಶತಮಾನ ಮುಗಿಯುವುದರೊಳಗೆ ಕೋಲಾರದ ಚಿನ್ನ ಯಾರ ಕೈ ಸೇರಿತು ಅಂತ ನಿಮಗೆ ಗೊತ್ತು. ಗಡಿ ಅಳೆಯಲು ಹೋದವನ ಕಣ್ಣಿಗೆ ಗಡಿ ಒಂದೇ ಬೀಳೋದಿಲ್ಲ.

ಇನ್ನೊಂದು ವಿಷಯ. ಆ ನಾನೂರು ಸಲ ಚೈನು ಎತ್ತಿಟ್ಟವರು ಯಾರು? ಅರ್ಧ ಟನ್ ಯಂತ್ರವನ್ನು ಬೆಟ್ಟಕ್ಕೆ ಹೊತ್ತವರು, ಮಲೇರಿಯಾದ ಕಾಡಲ್ಲಿ ಬಾವುಟ ಹಿಡಿದು ದಿನಗಟ್ಟಲೆ ನಿಂತವರು ಯಾರು? ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರಲ್ಲಿ ಕೆಲವರ ಹೆಸರು ಉಳಿದಿದೆ. ಹೊತ್ತವರ ಹೆಸರಿಲ್ಲ. 3.7 ಇಂಚಿನ ದಾಖಲೆ ಇಟ್ಟವರ ಪುಸ್ತಕದಲ್ಲಿ ಇವರಿಗೆ ಒಂದು ಸಾಲು ಸಿಗಲಿಲ್ಲ. ಆ ನಿಖರತೆ ಅವರ ಕೈಯದ್ದೂ ಹೌದು. ಅಷ್ಟು ಮಂದಿಯ ಕೈ ಒಂದೊಂದು ಸಲ ಒಂದು ಕೂದಲಷ್ಟು ನಡುಗಿದ್ದರೂ ಲೆಕ್ಕ ಎಲ್ಲಿಗೋ ಹೋಗುತ್ತಿತ್ತು.

ಇದನ್ನೆಲ್ಲ ಇವತ್ತು ಯಾಕೆ ಬರೀತಿದ್ದೀನಿ ಅಂದರೆ, ನಾವು ಅಳತೆಗಳ ನಡುವೆ ಬದುಕ್ತಿದ್ದೀವಿ. ಜಾತಿ ಗಣತಿ, ಬಡತನ ರೇಖೆ, ಕ್ಷೇತ್ರ ಮರುವಿಂಗಡಣೆ, ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಗೆರೆ, ಊರಿನ ಡ್ರೋನ್ ಸರ್ವೆ. ಪ್ರತಿ ಸಲ ನಮ್ಮ ಕಡೆಯಿಂದ ಎರಡೇ ಕೂಗು ಕೇಳುತ್ತೆ. ಒಬ್ಬರು, ಅಂಕಿಅಂಶ ಬಂದಿದೆ, ಇನ್ನು ಮಾತಿಲ್ಲ ಅಂತಾರೆ. ಇನ್ನೊಬ್ಬರು, ಎಲ್ಲಾ ಸುಳ್ಳು, ಬೇಕಾದ ಹಾಗೆ ಬರೆಸಿದ್ದಾರೆ ಅಂತಾರೆ. ಲ್ಯಾಂಬ್ಟನ್ ಬದುಕು ನೋಡಿದ ಮೇಲೆ ನನಗೆ ಎರಡೂ ಸೋಮಾರಿತನ ಅನ್ನಿಸುತ್ತೆ.

ಅಳತೆ ಅನ್ನೋದು ಇದೆ. ಬಿಸಿಲಲ್ಲಿ ನಿಂತು, ಉಕ್ಕು ಎಷ್ಟು ಹಿಗ್ಗಿತು ಅಂತ ಬರೆದುಕೊಂಡು, ಪ್ರಾಮಾಣಿಕವಾಗಿ ಅಳೆಯಬಹುದು. ಹಾಗೆ ಅಳೆದರೆ ಕಾಗದದ ಮೇಲಿನ ನಲವತ್ತು ಮೈಲಿ ಸುಳ್ಳು ಕರಗುತ್ತೆ. ಅದು ಆಳುವವರದ್ದೇ ಸುಳ್ಳಾಗಿದ್ದರೂ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಅಳೆಸಿದ ಉದ್ದೇಶ ಸರಿಯಾಗೋದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಹಾಗಾಗಿ ಮುಂದಿನ ಸಲ ಯಾವುದಾದರೂ ವರದಿ ಮೇಜಿನ ಮೇಲೆ ಬಂದಾಗ ನಾನು ಮೂರು ಪ್ರಶ್ನೆ ಕೇಳ್ತೀನಿ, ನೀವೂ ಕೇಳಿ. ಎಲ್ಲಿಂದ ಅಳೆದರು, ಆ ಮೂಲಬಿಂದು ಆರಿಸಿದ್ದು ಯಾರು? ಅಳತೆಗೋಲು ಬಿಸಿಲಿಗೆ ಹಿಗ್ಗಿದ್ದನ್ನು ಲೆಕ್ಕಕ್ಕೆ ತಗೊಂಡರಾ, ಅಂದರೆ ಯಾರು ಎಣಿಕೆಯಿಂದ ಸುಲಭವಾಗಿ ಜಾರಿಹೋಗುತ್ತಾರೆ ಅಂತ ಯೋಚಿಸಿದರಾ? ಕೊನೆಯದಾಗಿ, ಎಷ್ಟು ತಪ್ಪಿರಬಹುದು ಅಂತ ಅವರೇ ಹೇಳಿದ್ದಾರಾ?

ತಪ್ಪು ಸೊನ್ನೆ ಅಂತ ಬರೆದಿದ್ದರೆ ಅನುಮಾನಪಡಿ. ಆ ಸೊನ್ನೆ ಹೇಗೆ ಬರುತ್ತೆ ಅಂತ ನನಗೆ ಗೊತ್ತು.